ಸರದಿಯ ಕುರ್ಚಿ

ವಿಭಾಗದ ಅಧ್ಯಕ್ಷರ ಕೈಯಲ್ಲಿ ಏನಿದೆ ಎಂದು ಯಾವ ವಿಶ್ವವಿದ್ಯಾಲಯದಲ್ಲಿ ಕೇಳಿದರೂ ಬರುವ ಉತ್ತರ ಒಂದೇ: ಏನೂ ಇಲ್ಲ ಸ್ವಾಮಿ. ನೇಮಕಾತಿ ಕುಲಪತಿಗಳದ್ದು, ದುಡ್ಡು ಹಣಕಾಸು ಅಧಿಕಾರಿಗಳದ್ದು, ಪರೀಕ್ಷೆ ಪರೀಕ್ಷಾಂಗ ಕುಲಸಚಿವರದ್ದು. ಅಧ್ಯಕ್ಷನಿಗೆ ಉಳಿಯುವುದು ಒಂದು ದೊಡ್ಡ ಮೇಜು, ಕೆಟ್ಟು ನಿಂತ ಏ.ಸಿ. ಮತ್ತು ದಿನಕ್ಕೊಂದು ಸುತ್ತೋಲೆ. ನಾನೂ ಹೀಗೇ ಹೇಳಿಕೊಂಡು ತಿರುಗಿದವನು. ನಿವೃತ್ತನಾಗಿ ಮನೆಯಲ್ಲಿ ಕೂತು ಲೆಕ್ಕ ಹಾಕಿದಾಗ, ಕೈಯಲ್ಲಿದ್ದದ್ದು ಕಡಿಮೆಯೇನಲ್ಲ ಎಂದು ಗೊತ್ತಾಯಿತು.

ಯಾರಿಗೆ ಯಾವ ಪತ್ರಿಕೆ ಪಾಠಕ್ಕೆ ಕೊಡಬೇಕು, ಬೆಳಗಿನ ಮೊದಲ ತರಗತಿ ಯಾರಿಗೆ, ಶನಿವಾರದ ಕೊನೆಯದು ಯಾರಿಗೆ ಎಂದು ತೀರ್ಮಾನಿಸುವವನು ಅಧ್ಯಕ್ಷ. ರಜೆ ಅರ್ಜಿ, ಕರ್ತವ್ಯದ ಮೇಲೆ ಹೊರಗೆ ಹೋಗುವ ಓ.ಓ.ಡಿ. ಅರ್ಜಿ ಅವನ ಮೇಜು ದಾಟಿಯೇ ಹೋಗಬೇಕು. ಅತಿಥಿ ಉಪನ್ಯಾಸಕರ ತಿಂಗಳ ಬಿಲ್ಲಿಗೆ ಅವನ ಸಹಿ ಬೀಳದಿದ್ದರೆ ಅವರ ಮನೆಗೆ ರೇಷನ್ ಬರುವುದಿಲ್ಲ. ಮುಂದಿನ ವರ್ಷ ಎಷ್ಟು ಗಂಟೆಗಳ ಕಾರ್ಯಭಾರ ಖಾಲಿ ಇದೆ ಎಂದು ಅವನು ಬರೆದು ಕಳಿಸುವ ಒಂದು ಹಾಳೆಯ ಮೇಲೆ ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂಬುದು ನಿಂತಿದೆ. 2018ರ ಯುಜಿಸಿ ನಿಯಮಾವಳಿಗಳನ್ನು ನೋಡಿ, ಅಧ್ಯಕ್ಷನ ಭಾರ ಇನ್ನೂ ಹೆಚ್ಚು. ಕೃತಿಚೌರ್ಯದ ದೂರು ಬಂದರೆ ಮೊದಲು ವಿಚಾರಿಸುವ ವಿಭಾಗ ಮಟ್ಟದ ಸಮಿತಿಗೆ ಅವನೇ ಅಧ್ಯಕ್ಷ. ಪದೋನ್ನತಿಗೆ ಅರ್ಜಿ ಹಾಕಿದ ಅಧ್ಯಾಪಕರು ತಮಗೆ ಹಂಚಿದ ತರಗತಿಗಳಲ್ಲಿ ಶೇ. 80ಕ್ಕಿಂತ ಕಡಿಮೆ ಇಲ್ಲದಂತೆ ತೆಗೆದುಕೊಂಡಿದ್ದರೆ ‘ಉತ್ತಮ’, 70ರಿಂದ 80ರ ಒಳಗಿದ್ದರೆ ‘ತೃಪ್ತಿಕರ’, ಅದಕ್ಕಿಂತ ಕೆಳಗಾದರೆ ‘ತೃಪ್ತಿಕರವಲ್ಲ’. ಎಷ್ಟು ತೆಗೆದುಕೊಂಡರು ಎಂಬುದಕ್ಕೆ ದಾಖಲೆ ವಿಭಾಗದ್ದು, ಅದರ ಕೆಳಗಿನ ಸಹಿ ಅಧ್ಯಕ್ಷನದ್ದು. 12ನೇ ಲೆವೆಲ್‌ನಿಂದ 13-ಏಗೆ ಏರಿದರೆ ಆರಂಭದ ಮೂಲ ವೇತನ 79,800ರಿಂದ 1,31,400 ರೂಪಾಯಿಗೆ ಹೋಗುತ್ತದೆ. ಅಂಥ ಏಣಿಯ ಬುಡ ಹಿಡಿದು ನಿಂತವನು ತನ್ನ ಕೈಯಲ್ಲಿ ಏನೂ ಇಲ್ಲ ಎನ್ನುವುದು ವಿನಯವಲ್ಲ, ಜಾರಿಕೊಳ್ಳುವ ಉಪಾಯ.

ನಮ್ಮಲ್ಲಿ ಅಧ್ಯಕ್ಷಗಿರಿ ಸರದಿಯದು. ಹಿರಿತನದ ಪ್ರಕಾರ ಎರಡು ವರ್ಷಕ್ಕೊಬ್ಬರು. ಕೋವಿಡ್ ಗಲಾಟೆ ಮುಗಿದು ತರಗತಿಗಳು ಮತ್ತೆ ನೆಟ್ಟಗಾದ ಹೊತ್ತಿಗೆ ಅರ್ಥಶಾಸ್ತ್ರ ವಿಭಾಗದ ಕುರ್ಚಿ ನನ್ನ ಪಾಲಿಗೆ ಬಂತು. ಆಗ ನನಗಿದ್ದ ಹೆಸರು ‘ಒಳ್ಳೆಯ ಮನುಷ್ಯ’ ಎಂದು. ಯಾರಿಗೂ ಇಲ್ಲ ಎಂದವನಲ್ಲ, ಯಾರ ಜೊತೆಗೂ ಮಾತು ಬಿಟ್ಟವನಲ್ಲ. ಅಧಿಕಾರ ವಹಿಸಿಕೊಂಡ ದಿನ ಹಾರ ಹಾಕಿದವರೆಲ್ಲ ಅದನ್ನೇ ಹೇಳಿದರು. ಅದು ಹೊಗಳಿಕೆ ಎಂದು ನಾನು ನಂಬಿದೆ.

ಸರದಿ ಪದ್ಧತಿಗೆ ಒಳ್ಳೆಯ ಕಾರಣವೇ ಇದೆ. ಹಿಂದೆ ವಿಭಾಗಕ್ಕೊಬ್ಬರೇ ಪ್ರಾಧ್ಯಾಪಕರು, ಅವರೇ ನಿವೃತ್ತಿಯವರೆಗೆ ಮುಖ್ಯಸ್ಥರು ಎನ್ನುವ ಕಾಲವಿತ್ತು. ಆ ಕಾಲದ ಒಳ್ಳೆಯ ಕಥೆಗಳನ್ನು ನಾವು ಪ್ರೀತಿಯಿಂದ ಹೇಳಿಕೊಳ್ಳುತ್ತೇವೆ. ಮೈಸೂರಿನಲ್ಲಿ ಟಿ.ಎಸ್. ವೆಂಕಣ್ಣಯ್ಯನವರು ಕುವೆಂಪು ಅವರಿಗೆ ಏನಾಗಿದ್ದರು ಎಂಬುದು ಕನ್ನಡ ಓದಿದ ಎಲ್ಲರಿಗೂ ಗೊತ್ತು. ‘ಶ್ರೀ ರಾಮಾಯಣ ದರ್ಶನಂ’ ಅರ್ಪಿತವಾಗಿರುವುದು ಆ ಗುರುವಿಗೇ. ಆದರೆ ಅದೇ ವ್ಯವಸ್ಥೆಯಲ್ಲಿ ಕೈಕೆಳಗಿನ ಉಪನ್ಯಾಸಕರನ್ನು ಮನೆ ಚಾಕರಿಗೆ ಇಟ್ಟುಕೊಂಡವರೂ, ಬುದ್ಧಿವಂತ ಹುಡುಗನ ಪಿಎಚ್.ಡಿ. ಪ್ರಬಂಧವನ್ನು ವರ್ಷಗಟ್ಟಲೆ ಬೀರುವಿನಲ್ಲಿ ಇಟ್ಟು ಬೀಗ ಹಾಕಿದವರೂ ಇದ್ದರು. ಅವರ ಕಥೆಗಳನ್ನು ಯಾರೂ ಅಭಿನಂದನ ಗ್ರಂಥದಲ್ಲಿ ಬರೆಯಲಿಲ್ಲ. ಸರದಿ ಬಂದದ್ದರಿಂದ ಆ ಪಾಳೆಯಗಾರಿಕೆ ಮುರಿಯಿತು. ಜೊತೆಗೇ ಇನ್ನೊಂದು ರೋಗ ಹತ್ತಿತು. ಇವತ್ತು ನಾನು ಪ್ರಶ್ನಿಸಿದವನು ನಾಳೆ ಅದೇ ಕುರ್ಚಿಯಲ್ಲಿ ಕೂತು ನನ್ನ ರಜೆ ಅರ್ಜಿ ನೋಡುತ್ತಾನೆ. ಹಾಗಾಗಿ ಯಾರೂ ಯಾರನ್ನೂ ಪ್ರಶ್ನಿಸುವುದಿಲ್ಲ. ‘ಅಡ್ಜಸ್ಟ್ ಮಾಡ್ಕೊಳ್ಳಿ’ ಎನ್ನುವುದು ವಿಭಾಗದ ಅಲಿಖಿತ ಕಾನೂನಾಗುತ್ತದೆ. ಈ ಅಡ್ಜಸ್ಟ್‌ಮೆಂಟಿನ ಖರ್ಚು ಬೀಳುವುದು ಸರದಿಯಲ್ಲಿ ಎಂದೂ ಬಾರದವರ ತಲೆಗೆ: ಅತಿಥಿ ಉಪನ್ಯಾಸಕರು, ಸಂಶೋಧನಾ ವಿದ್ಯಾರ್ಥಿಗಳು, ಆಗ ತಾನೇ ಸೇರಿದ ಸಹಾಯಕ ಪ್ರಾಧ್ಯಾಪಕರು.

ಬೇರೆ ಥರ ನಡೆಸಿದವರನ್ನೂ ನಾನು ನೋಡಿದ್ದೆ, ಹಾಗಾಗಿ ಗೊತ್ತಿರಲಿಲ್ಲ ಎನ್ನುವಂತಿಲ್ಲ. ನಾನು ಕೆಲಸಕ್ಕೆ ಸೇರಿದಾಗ ಇದ್ದ ಅಧ್ಯಕ್ಷರು ಯಾರಿಗೂ ಇಷ್ಟವಾದವರಲ್ಲ. ಸಿಡುಕರು. ಕಾಫಿಗೆ ಕರೆದರೆ ಬರುತ್ತಿರಲಿಲ್ಲ. ಟೈಮ್‌ಟೇಬಲ್ ಹಾಕುವಾಗ ಮೊದಲು ಶನಿವಾರದ ಕೊನೆಯ ತರಗತಿಯ ಚೌಕದಲ್ಲಿ ಪೆನ್ಸಿಲಿನಿಂದ ತಮ್ಮ ಹೆಸರು ಬರೆದು, ಆಮೇಲೆ ಹಾಳೆಯನ್ನು ನಮ್ಮ ಕಡೆ ತಳ್ಳುತ್ತಿದ್ದರು. ಅಷ್ಟಾದ ಮೇಲೆ ನನಗೆ ಸೋಮವಾರ ಬೆಳಗ್ಗೆ ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಅವರ ಆಪ್ತ ಸ್ನೇಹಿತರೊಬ್ಬರು ಯಾವುದೋ ವಿಚಾರ ಸಂಕಿರಣಕ್ಕೆ ಓ.ಓ.ಡಿ. ಕೇಳಿದಾಗ ಅರ್ಜಿಯ ಅಂಚಿನಲ್ಲಿ, ಬದಲಿ ತರಗತಿಯ ವಿವರ ಕೊಟ್ಟ ಮೇಲೆ ಪರಿಶೀಲಿಸಲಾಗುವುದು ಎಂದು ಬರೆದು ವಾಪಸು ಕಳಿಸಿದ್ದು ಇಡೀ ವಿಭಾಗದಲ್ಲಿ ಸುದ್ದಿಯಾಗಿತ್ತು. ನಾವು ಕಿರಿಯರು ಅವರನ್ನು ಬೈದುಕೊಳ್ಳುತ್ತಲೇ ತರಗತಿಗೆ ಐದು ನಿಮಿಷ ಮೊದಲು ಹೋಗುತ್ತಿದ್ದೆವು. ಅವರು ನಮಗೆ ನಾಯಕತ್ವದ ಭಾಷಣ ಮಾಡಿದ ನೆನಪು ನನಗಿಲ್ಲ.

ಈಗ ನನ್ನ ಕಾಲಕ್ಕೆ ಬರುತ್ತೇನೆ.

ಸರದಿಯಲ್ಲಿ ನನ್ನ ಹಿಂದೆಯೇ ಇದ್ದವನು ನನ್ನ ಸ್ನೇಹಿತ. ಸಹ ಪ್ರಾಧ್ಯಾಪಕ, ಒಂದು ಕಾಲಕ್ಕೆ ನಿಜವಾಗಿಯೂ ಒಳ್ಳೆಯ ಮೇಷ್ಟ್ರು. ಎಕನಾಮೆಟ್ರಿಕ್ಸ್ ಅವನ ವಿಷಯ. ಬರಬರುತ್ತ ಅವನಿಗೆ ಆಡಳಿತ ಕಚೇರಿಯ ರುಚಿ ಹತ್ತಿತು. ನ್ಯಾಕ್ ಕಡತ, ಆ ಸಮಿತಿ, ಈ ಸಮಿತಿ, ಸಿಂಡಿಕೇಟ್ ಸದಸ್ಯರ ಒಡನಾಟ. ಎಂ.ಎ. ತರಗತಿಗೆ ಬರುವುದು ಅಪರೂಪವಾಯಿತು. ಪಾಠ ನಿಲ್ಲಲಿಲ್ಲ, ಯಾಕೆಂದರೆ ವಿಭಾಗದ ಅತಿಥಿ ಉಪನ್ಯಾಸಕಿಯೊಬ್ಬರು ಅದನ್ನು ತೆಗೆದುಕೊಳ್ಳುತ್ತಿದ್ದರು. ಅವರಿಗೆ ಕಾಗದದ ಮೇಲೆ ಹಂಚಿದ್ದು ಕರ್ನಾಟಕದ ಆರ್ಥಿಕತೆ ಮತ್ತು ಗ್ರಾಮೀಣಾಭಿವೃದ್ಧಿ. ಬಿಲ್ಲು ಆಗುತ್ತಿದ್ದುದು ಆ ಗಂಟೆಗಳಿಗೆ ಮಾತ್ರ. ಎಕನಾಮೆಟ್ರಿಕ್ಸ್ ಬಿಟ್ಟಿ. ಅತಿಥಿ ಉಪನ್ಯಾಸಕರಿಗೆ ತರಗತಿಯೊಂದಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ಎಂದು ಯುಜಿಸಿ 2019ರಲ್ಲಿ ಹೇಳಿದೆ. ನಮ್ಮಲ್ಲಿ ಅಷ್ಟನ್ನು ಕಂಡವರು ಯಾರೂ ಇರಲಿಲ್ಲ. ಕಂಡದ್ದರಲ್ಲೇ ಒಂದಿಷ್ಟು ದುಡಿಮೆ ಹೀಗೆ ಲೆಕ್ಕಕ್ಕೆ ಸಿಗದೆ ಹೋಗುತ್ತಿತ್ತು. ಆಕೆ ಒಮ್ಮೆ ಬಂದು, “ಸರ್, ಆ ಪೇಪರ್ ನನ್ನ ಹೆಸರಿಗೇ ಹಾಕಬಹುದಾ?” ಎಂದು ಕೇಳಿದ್ದರು. “ನೋಡೋಣ ಮೇಡಂ, ಮುಂದಿನ ಸೆಮಿಸ್ಟರಿಗೆ” ಎಂದೆ. ಮುಂದಿನ ಸೆಮಿಸ್ಟರಿನಲ್ಲೂ ಅದನ್ನೇ ಹೇಳಿದೆ.

ಸ್ನೇಹಿತ ಪ್ರಾಧ್ಯಾಪಕ ಹುದ್ದೆಗೆ ಪದೋನ್ನತಿ ಅರ್ಜಿ ಹಾಕಿದ. ತರಗತಿಗಳ ದೃಢೀಕರಣ ಬೇಕಿತ್ತು. ಅಟೆಂಡರ್ ಹಾಜರಿ ಪುಸ್ತಕಗಳನ್ನು ತಂದು ಮೇಜಿನ ಮೇಲೆ ಇಟ್ಟ. ಎಕನಾಮೆಟ್ರಿಕ್ಸ್ ಪುಸ್ತಕ ತೆರೆದರೆ ಪುಟಪುಟವೂ ಆಕೆಯ ಅಕ್ಷರ. ದಿನಾಂಕವನ್ನು ಒತ್ತಿ ಬರೆಯುವ ರೂಢಿ ಅವರಿಗೆ, ಹಾಳೆಯ ಹಿಂಬದಿಯಲ್ಲೂ ಅಚ್ಚು ಮೂಡುವಷ್ಟು. ಪಾಠದ ವಿಷಯ ಬರೆಯುವ ಕಾಲಮಿನಲ್ಲಿ ‘ಆಟೋಕೋರಿಲೇಶನ್, ಉದಾಹರಣೆ ಲೆಕ್ಕ 3’ ಎಂಬಷ್ಟು ಕರಾರುವಾಕ್ಕು. ಪ್ರತಿ ಪುಟದ ಕೆಳಗೆ ಬೇರೆ ಶಾಯಿಯಲ್ಲಿ, ಒಂದೇ ಓಟದಲ್ಲಿ ಕೂತು ಹಾಕಿದ್ದೆಂದು ನೋಡಿದರೇ ತಿಳಿಯುವ ಹಾಗೆ, ಅವನ ಚುಟುಕು ಸಹಿ. ನಾನು ಪುಟ ತಿರುವುತ್ತಾ ಹೋದೆ. ಹೊರಗೆ ಯಾರೋ ಕಾಯುತ್ತಿದ್ದರು. ಶೇ. 80ಕ್ಕಿಂತ ಹೆಚ್ಚು ಎಂಬ ಸಾಲಿನ ಕೆಳಗೆ ಸಹಿ ಮಾಡಿ, ಸೀಲು ಒತ್ತಿಸಿ ಕಳಿಸಿದೆ.

ಯಾಕೆ ಮಾಡಿದೆ? ಒತ್ತಡವಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅವನು ಬಾಯಿಬಿಟ್ಟು ಕೇಳಲೂ ಇಲ್ಲ. ನನ್ನ ಒಬ್ಬ ಸಂಶೋಧನಾ ವಿದ್ಯಾರ್ಥಿಯ ಮೌಖಿಕ ಪರೀಕ್ಷೆ ಅವನ ಅವಧಿಯಲ್ಲಿ ಬರುವುದಿತ್ತು. ನನ್ನ ನಿವೃತ್ತಿಯ ಬೇಬಾಕಿ ಪತ್ರವೂ ಅವನ ಮೇಜಿನಿಂದಲೇ ಹೋಗಬೇಕಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಬೆಳಗ್ಗೆ ಜೊತೆಯಲ್ಲಿ ವಾಕಿಂಗ್ ಹೋಗುವವನಿಗೆ ಎದುರು ನಿಂತು ‘ಇದು ಆಗೋದಿಲ್ಲ ಕಣೋ’ ಎನ್ನುವ ಆ ಒಂದು ನಿಮಿಷದ ಇರಿಸುಮುರಿಸು ನನಗೆ ಬೇಡವಾಗಿತ್ತು. ಲಂಚ ಮುಟ್ಟದವನು, ಕಚೇರಿಯ ಪೆನ್ನನ್ನೂ ಮನೆಗೆ ಒಯ್ಯದವನು ಎಂಬ ಹೆಮ್ಮೆ ಬೇರೆ ಇತ್ತಲ್ಲ, ಆ ಹೆಮ್ಮೆಯ ನೆರಳಿನಲ್ಲಿ ಇದೊಂದು ಸಣ್ಣ ಉಪಕಾರವಾಗಿ ಕಂಡಿತು.

ಕೆಲವು ತಿಂಗಳ ನಂತರ ಆ ಉಪನ್ಯಾಸಕಿ ಮತ್ತೆ ಬಂದರು. ಬೇರೊಂದು ವಿಶ್ವವಿದ್ಯಾಲಯ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಕರೆದಿತ್ತು. ವಿಶೇಷ ವಿಷಯ ಎಕನಾಮೆಟ್ರಿಕ್ಸ್. ನೆಟ್ ಆಗಿತ್ತು, ಪಿಎಚ್.ಡಿ. ಆಗಿತ್ತು. ಸಂದರ್ಶನಕ್ಕೆ ಕರೆಯಲು ಅಭ್ಯರ್ಥಿಗಳನ್ನು ಆರಿಸುವಾಗ ಬೋಧನಾನುಭವಕ್ಕೆ ವರ್ಷಕ್ಕೆ 2ರಂತೆ ಗರಿಷ್ಠ 10 ಅಂಕ ಎಂದು ಯುಜಿಸಿ ಪಟ್ಟಿಯಲ್ಲಿದೆ. ಆ ವರ್ಷಗಳ ಲೆಕ್ಕಕ್ಕೆ ತೊಂದರೆ ಇರಲಿಲ್ಲ. ಆಕೆಗೆ ಬೇಕಾಗಿದ್ದದ್ದು, ಈ ಪತ್ರಿಕೆಯನ್ನು ಸ್ನಾತಕೋತ್ತರ ತರಗತಿಗೆ ಇಷ್ಟು ಸೆಮಿಸ್ಟರ್ ಬೋಧಿಸಿದ್ದಾರೆ ಎಂಬ ಒಂದೇ ಸಾಲು. ಸಂದರ್ಶನದಲ್ಲಿ ಕೇಳಿದರೆ ತೋರಿಸಲಿಕ್ಕೆ.

ಆ ಸಾಲನ್ನು ನಾನು ಬರೆಯುವಂತಿರಲಿಲ್ಲ. ಅದೇ ತರಗತಿಗಳನ್ನು ಇನ್ನೊಬ್ಬರು ತೆಗೆದುಕೊಂಡಿದ್ದಾರೆಂದು ನಾನೇ ಸೀಲು ಹಾಕಿ ಕೊಟ್ಟಾಗಿತ್ತು. ಎರಡೂ ಕಡತಗಳು ಎಲ್ಲಾದರೂ ಒಂದೇ ಮೇಜಿನ ಮೇಲೆ ಬಂದರೆ ಮೊದಲು ಹೋಗುವುದು ನನ್ನ ಮಾನ. “ಶ್ರದ್ಧೆಯಿಂದ ಕೆಲಸ ಮಾಡಿದ್ದಾರೆ, ವಿಭಾಗದ ಎಲ್ಲ ಚಟುವಟಿಕೆಗಳಲ್ಲಿ ಸಹಕರಿಸಿದ್ದಾರೆ, ಅವರಿಗೆ ಶುಭವಾಗಲಿ” ಎಂಬ ಒಂದು ಪತ್ರ ಟೈಪ್ ಮಾಡಿಸಿ ಕೊಟ್ಟೆ. ಆಕೆ ನಿಂತಲ್ಲೇ ಓದಿದರು. “ಇದರಲ್ಲಿ ಪೇಪರ್ ಹೆಸರೇ ಇಲ್ವಲ್ಲ ಸರ್” ಎಂದರು. ಕಚೇರಿ ನಿಯಮ ಹಾಗಿದೆ ಎಂದೆ. ಅಂಥ ನಿಯಮ ಯಾವುದೂ ಇಲ್ಲ ಎಂದು ಆಕೆಗೂ ಗೊತ್ತಿತ್ತು. ಜಗಳವಾಡಲಿಲ್ಲ. ಮುಂದಿನ ವರ್ಷದ ಕಾರ್ಯಭಾರ ಹಂಚುವವನೂ ನಾನೇ ತಾನೆ, ಹೇಗೆ ಜಗಳವಾಡುತ್ತಾರೆ? ಆ ಹುದ್ದೆ ಅವರಿಗೆ ಸಿಗಲಿಲ್ಲ. ಆ ಸಾಲು ಇದ್ದಿದ್ದರೆ ಸಿಗುತ್ತಿತ್ತೇ? ಇರಬಹುದು, ಇಲ್ಲದಿರಬಹುದು. ಆ ಅನುಮಾನದ ಲಾಭವನ್ನು ನಾನು ತೆಗೆದುಕೊಳ್ಳುವಂತಿಲ್ಲ.

ವಿಭಾಗದಲ್ಲಿ ಇದು ಯಾರಿಗೂ ತಿಳಿಯದು ಎಂದು ನಾನು ಅಂದುಕೊಂಡಿದ್ದೆ. ಆದರೆ ಅಟೆಂಡರ್‌ಗೆ ಗೊತ್ತಿರುವುದು ಇಡೀ ಕಟ್ಟಡಕ್ಕೆ ಗೊತ್ತಿರುತ್ತದೆ. ಮೊದಲು ಬದಲಾದವನು ನಮ್ಮ ಅತಿ ಕಿರಿಯ ಸಹಾಯಕ ಪ್ರಾಧ್ಯಾಪಕ. ನಿಯಮದ ಪ್ರಕಾರ ಅವನಿಗೆ ವಾರಕ್ಕೆ 16 ಗಂಟೆ ಪಾಠ, ದಿನಕ್ಕೆ ಕನಿಷ್ಠ 5 ಗಂಟೆ ವಿಭಾಗದಲ್ಲಿ ಲಭ್ಯವಿರಬೇಕು. ಇವನು ಸಂಜೆ ಆರಾದರೂ ಹುಡುಗರನ್ನು ಕೂರಿಸಿಕೊಂಡು ಲೆಕ್ಕ ಬಿಡಿಸುತ್ತಿದ್ದ. ಸೋತ ವಿದ್ಯಾರ್ಥಿಗಳಿಗೆ ಭಾನುವಾರ ಬೇರೆ ಪಾಠ. ಒಂದು ದಿನ ಗಮನಿಸಿದರೆ ಮಧ್ಯಾಹ್ನ ಎರಡಕ್ಕೆ ಅವನ ಕೋಣೆಗೆ ಬೀಗ. ಕೇಳಿದಾಗ, “ಕ್ಲಾಸ್ ಮುಗೀತಲ್ಲ ಸರ್” ಎಂದ, ಬಹಳ ಮರ್ಯಾದೆಯಿಂದ. ಇನ್ನೊಬ್ಬರು ತಮಗೂ ‘ಸ್ವಲ್ಪ ಅನುಕೂಲ’ ಮಾಡಿಕೊಡಲು ಕೇಳಿದರು. ಇಲ್ಲ ಎನ್ನುವ ಮುಖ ನನಗೆ ಉಳಿದಿರಲಿಲ್ಲ. ಆಂತರಿಕ ಮೌಲ್ಯಮಾಪನದ ಅಂಕಗಳು ಎಲ್ಲರಿಗೂ ಒಂದೇ ತೆರನಾಗಿ ಬೀಳತೊಡಗಿದವು. ಓದಿ ನೋಡಿ ಅಂಕ ಕೊಡುವ ಕಷ್ಟ ಯಾರಿಗೆ ಬೇಕು?

ನಾನು ತರಗತಿಯಲ್ಲಿ ಆಲ್ಬರ್ಟ್ ಹರ್ಷ್‌ಮನ್ ಪಾಠ ಮಾಡಿದವನು. ಅವರ ‘ಎಕ್ಸಿಟ್, ವಾಯ್ಸ್ ಅಂಡ್ ಲಾಯಲ್ಟಿ’ 1970ರಲ್ಲಿ ಬಂದ ಪುಸ್ತಕ. ನೈಜೀರಿಯದ ರೈಲ್ವೆ ಲಾರಿಗಳ ಪೈಪೋಟಿ ಇದ್ದರೂ ಯಾಕೆ ಸುಧಾರಿಸಲಿಲ್ಲ ಎಂದು ಯೋಚಿಸುತ್ತ ಹುಟ್ಟಿದ ವಿಚಾರ ಅದು. ಸಂಸ್ಥೆ ಕೆಡುತ್ತ ಬಂದಾಗ ಜನ ಒಂದೋ ಬಿಟ್ಟು ಹೋಗುತ್ತಾರೆ, ಇಲ್ಲವೇ ದನಿ ಎತ್ತುತ್ತಾರೆ. ಇದ್ದ ನಿಷ್ಠೆ ಎಷ್ಟು ಎಂಬುದರ ಮೇಲೆ ಯಾವುದು ಮೊದಲು ಎಂಬುದು ನಿರ್ಧಾರವಾಗುತ್ತದೆ. ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದೆ. ನನ್ನ ಸ್ವಂತ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಬಿಟ್ಟು ಹೋಗುವಂತಿಲ್ಲ, ಏಕೆಂದರೆ ಈ ವಯಸ್ಸಿನಲ್ಲಿ ಇನ್ನೊಂದು ಕಡೆ ಹುದ್ದೆ ಸಿಗದು. ಅತಿಥಿ ಉಪನ್ಯಾಸಕರು ದನಿ ಎತ್ತುವಂತಿಲ್ಲ. ಹೀಗೆ ಎರಡೂ ದಾರಿ ಮುಚ್ಚಿದಾಗ ಅಧ್ಯಾಪಕರು ಮಾಡುವುದು ಒಂದೇ: ಸಂಬಳದ ಪಟ್ಟಿಯಲ್ಲಿ ಉಳಿದುಕೊಂಡು ಮನಸ್ಸಿನಲ್ಲಿ ನಿವೃತ್ತರಾಗುವುದು. ಇದು ಯಾವ ಅಂಕಿಅಂಶದಲ್ಲೂ ಕಾಣುವುದಿಲ್ಲ. ತರಗತಿ ನಡೆಯುತ್ತದೆ, ಪಠ್ಯ ಮುಗಿಯುತ್ತದೆ, ಫಲಿತಾಂಶ ಬರುತ್ತದೆ. ನ್ಯಾಕ್ ತಂಡ ಬಂದರೆ ತೋರಿಸಲು ಫೋಟೋಗಳೂ ಇರುತ್ತವೆ.

ವಿಭಾಗೀಯ ಸಭೆಗಳಲ್ಲಿ ನನಗೆ ಇದು ಅರ್ಥವಾಗಬೇಕಿತ್ತು. ನಾನು ಬಂದ ಹೊಸದರಲ್ಲಿ ಪಠ್ಯಕ್ರಮದ ಒಂದು ಘಟಕದ ಬಗ್ಗೆ ಗಂಟೆಗಟ್ಟಲೆ ಕಿತ್ತಾಡುತ್ತಿದ್ದವರು ನಂತರ “ನೀವು ಹೇಳಿದ ಹಾಗೇ ಆಗಲಿ ಸರ್” ಎನ್ನತೊಡಗಿದರು. ಸಭೆ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ನನ್ನ ಅವಧಿಯಲ್ಲಿ ವಿಭಾಗ ಎಷ್ಟು ಶಾಂತವಾಗಿದೆ ನೋಡಿ ಎಂದು ಪಕ್ಕದ ವಿಭಾಗದವರ ಮುಂದೆ ಹೇಳಿಕೊಂಡಿದ್ದೂ ಉಂಟು. ಅವರೂ ತಲೆಯಾಡಿಸಿದರು, ಪಾಪ. ಅವರದೂ ಶಾಂತ ವಿಭಾಗವೇ.

ಅವಧಿ ಮುಗಿಯುವ ಮುನ್ನ ಸರಿಪಡಿಸಲು ಹೊರಟದ್ದು ಇನ್ನೊಂದು ಪೇಚು. ಕೊನೆಯ ಸೆಮಿಸ್ಟರಿನಲ್ಲಿ ಸ್ನೇಹಿತನನ್ನು ಕರೆದು, ಈ ಸಲ ತರಗತಿ ನೀನೇ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಪತ್ರಿಕೆಯನ್ನು ಮೇಡಂ ಹೆಸರಿಗೆ ಹಾಕುತ್ತೇನೆ ಎಂದೆ. ಅವನು ಸಿಟ್ಟಾಗಲಿಲ್ಲ. “ಹೋದ ಸಲದ ಸರ್ಟಿಫಿಕೇಟ್ ಸುಳ್ಳು ಅಂತ ಬರೆದುಕೊಡ್ತೀಯೇನು ಹಾಗಾದ್ರೆ?” ಎಂದು ನಕ್ಕ. ನನ್ನ ಬಳಿ ಉತ್ತರ ಇರಲಿಲ್ಲ. ಕುಲಸಚಿವರಿಗೆ ಬರೆದು ಹಳೆಯ ದೃಢೀಕರಣ ಹಿಂಪಡೆಯುವ ದಾರಿ ಇತ್ತು. ಒಂದು ಕರಡನ್ನೂ ಬರೆದೆ. ಕಳಿಸಲಿಲ್ಲ. ನಿವೃತ್ತಿ ಹತ್ತಿರದಲ್ಲಿತ್ತು, ಪಿಂಚಣಿ ಕಡತ ಹೊರಟಿತ್ತು; ನೆಪಗಳಿಗೆ ಬರವಿರಲಿಲ್ಲ.

ಬೀಳ್ಕೊಡುಗೆ ದಿನ ಎಲ್ಲರೂ ಮತ್ತೆ ಒಳ್ಳೆಯ ಮನುಷ್ಯ ಎಂದೇ ಹೇಳಿದರು. ಆ ಕಿರಿಯ ಸಹಾಯಕ ಪ್ರಾಧ್ಯಾಪಕ ಮಾತನಾಡಲಿಲ್ಲ. ಊಟದ ಹೊತ್ತಿನಲ್ಲಿ ತಟ್ಟೆ ಹಿಡಿದು ಪಕ್ಕ ನಿಂತಾಗ ನಾನೇ ಕೆದಕಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರ ಮೇಲೆ ನಮಗೆ ಅಷ್ಟು ಬೇಜಾರಿಲ್ಲ ಸರ್, ಅವರು ತಮಗೆ ಬೇಕಾದ್ದು ತಗೊಂಡ್ರು. ನೀವು ಮೇಡಂದನ್ನ ತೆಗೆದು ಕೊಟ್ಟಿರಿ” ಎಂದ. ಹೋಳಿಗೆ ಬಡಿಸುವವರು ಬಂದರು, ಮಾತು ಅಲ್ಲಿಗೇ ನಿಂತಿತು. ಅವನು ಹೇಳಿದ್ದು ನ್ಯಾಯವಾದ ತೀರ್ಪು. ಅದರ ಮೇಲೆ ನನ್ನ ಅಪೀಲು ಏನೂ ಇಲ್ಲ.

ಆ ಉಪನ್ಯಾಸಕಿ ಮರುವರ್ಷ ಅರ್ಜಿ ಹಾಕಲಿಲ್ಲ. ಈಗ ಒಂದು ಖಾಸಗಿ ಪಿಯು ಕಾಲೇಜಿನಲ್ಲಿದ್ದಾರೆ ಎಂದು ಕೇಳಿದ್ದೇನೆ. ಹೊಸ ಹುಡುಗನೊಬ್ಬ ಎಕನಾಮೆಟ್ರಿಕ್ಸ್ ತೆಗೆದುಕೊಳ್ಳುತ್ತಿದ್ದಾನಂತೆ, ಯಾರ ಹೆಸರಿನಲ್ಲಿ ಎಂದು ನಾನು ವಿಚಾರಿಸಿಲ್ಲ. ಫೋನ್ ಮಾಡಿ ಕೇಳಬಹುದಿತ್ತು.

ಸರದಿಯಲ್ಲಿ ಮುಂದಿರುವ ಯಾರಾದರೂ ಇದನ್ನು ಓದುತ್ತಿದ್ದರೆ ಅವರಲ್ಲಿ ನನ್ನ ಕೋರಿಕೆ ಬಹಳ ಸಣ್ಣದು, ಇದಕ್ಕೆ ಯಾವ ಸುತ್ತೋಲೆಯೂ ಬೇಕಿಲ್ಲ. ಸೆಮಿಸ್ಟರ್ ಶುರುವಾದ ವಾರದಲ್ಲೇ ಯಾವ ಪತ್ರಿಕೆ ಯಾರದು ಎಂಬ ಪಟ್ಟಿಯನ್ನು ವಿದ್ಯಾರ್ಥಿಗಳೂ ಓದುವ ನೋಟಿಸ್ ಬೋರ್ಡಿಗೆ ಅಂಟಿಸಿ. ತಿಂಗಳ ಕೊನೆಯಲ್ಲಿ ನಿಜವಾಗಿ ಯಾರು ತೆಗೆದುಕೊಂಡರು ಎಂಬುದನ್ನು ಅದರ ಪಕ್ಕದಲ್ಲೇ ಅಂಟಿಸಿ. ಸ್ನೇಹಿತನಿಗೆ ಇಲ್ಲ ಎನ್ನುವ ಕೆಲಸವನ್ನು ಅರ್ಧ ಆ ಬೋರ್ಡೇ ಮಾಡುತ್ತದೆ, ಉಳಿದರ್ಧ ನೀವು ಮಾಡಬೇಕಾಗುತ್ತದೆ. ಸೆಮಿಸ್ಟರಿನ ಕೊನೆಯ ದಿನ ನಿಮ್ಮ ವಿಭಾಗದ ಪ್ರತಿಯೊಬ್ಬ ಅತಿಥಿ ಉಪನ್ಯಾಸಕರಿಗೂ ಅವರು ಬೋಧಿಸಿದ ಪತ್ರಿಕೆಯ ಹೆಸರು, ತೆಗೆದುಕೊಂಡ ಗಂಟೆಗಳ ಸಂಖ್ಯೆ ಬರೆದು ಸಹಿ ಹಾಕಿದ ಪ್ರಮಾಣಪತ್ರ ಕೊಡಿ. ಅವರು ಬಂದು ಕೇಳಲಿ ಎಂದು ಕಾಯಬೇಡಿ.